ಕ್ಷೌರದ ಕತ್ತಿಯನ್ನು ಸಾಣೆಯ ಚಕ್ರಕ್ಕೆ ಕೊಡಬೇಡಿ

ನನ್ನ ಎಡಗಿವಿಯ ಕೆಳಗೆ, ದವಡೆ ತಿರುಗುವ ಜಾಗದಲ್ಲಿ ಮೂರು ಹೊಲಿಗೆಗಳ ಗುರುತಿದೆ. ಗಾಯ ಮಾಸಿ ಒಂದು ವರ್ಷವಾಯಿತು, ಆದರೂ ಆ ಗೆರೆಯ ಮೇಲೆ ಗಡ್ಡ ಬೆಳೆಯುವುದಿಲ್ಲ. ಮೊಂಡಾದ ಕತ್ತಿಯನ್ನು ಹರಿತವಾಗಿದೆಯೆಂದು ನಂಬಿ ಕೆನ್ನೆಗೆ ಒತ್ತಿ ಹಿಡಿದದ್ದೇ ಅದಕ್ಕೆ ಕಾರಣ. ಹಳೆಯ ಕಾಲದ ಮಡಚುವ ಕ್ಷೌರದ ಕತ್ತಿಯಿಂದ ಮನೆಯಲ್ಲೇ ಗಡ್ಡ ಮಾಡಿಕೊಳ್ಳುವ ಹುಮ್ಮಸ್ಸು ಈಚೆಗೆ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಗೆಳೆಯರಲ್ಲಿ ಒಬ್ಬಿಬ್ಬರಿಗೆ ಹತ್ತಿಕೊಂಡಿರುವುದನ್ನು ನೋಡಿ, ನಾನು ಕೆಡಿಸಿದ ಕತ್ತಿಯ ಕಥೆಯನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಕಳೆದ ವರ್ಷದ ಬೇಸಿಗೆಯ ಒಂದು ಶುಕ್ರವಾರ ನಸುಕಿನ ಲೋಕಲ್ ಹಿಡಿದು ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿಳಿದು ಹಳೆಯ ಸಾಮಾನು ಮಾರುವ ಚೋರ್ ಬಜಾರಿಗೆ ಹೋಗಿದ್ದೆ. ರಸ್ತೆಯ ಮೇಲೆ ಹಾಸಿದ ತಾಡಪಾಲಿನಲ್ಲಿ ಹಳೆಯ ಬೀಗಗಳು, ಕೈಗಡಿಯಾರಗಳ ನಡುವೆ ಒಂದು ಕ್ಷೌರದ ಕತ್ತಿ ಕಣ್ಣಿಗೆ ಬಿತ್ತು. ದಂತದ ಬಣ್ಣದ ಹಿಡಿ, ಕತ್ತಿಯ ಬುಡದಲ್ಲಿ ‘ಸೋಲಿಂಗನ್’ ಎಂಬ ಮುದ್ರೆ. ಮಾರುವವನು ಅದನ್ನು ತನ್ನ ಮುಂಗೈಯ ಮೇಲೆ ಆಡಿಸಿ, ನಾಲ್ಕು ಕೂದಲು ಕತ್ತರಿಸಿ ತೋರಿಸಿ, ‘ಏಕ್‌ದಮ್ ತೇಜ್ ಹೈ ಸಾಬ್’ ಎಂದ. ಏಳುನೂರು ರೂಪಾಯಿ ಕೊಟ್ಟು ತಂದೆ. ಸೋಲಿಂಗನ್ ಜರ್ಮನಿಯಲ್ಲಿ ಕತ್ತಿ, ಚಾಕುಗಳಿಗೆ ಹೆಸರಾದ ಊರು. ಆ ಹೆಸರಿಗೆ ಅಲ್ಲಿ 1938ರಿಂದ ಕಾನೂನಿನ ರಕ್ಷಣೆಯೂ ಇದೆ. ಮುದ್ರೆ ಅಸಲಿಯಾಗಿದ್ದರೂ ಅದು ಹೇಳುವುದು ಉಕ್ಕಿನ ಹುಟ್ಟೂರನ್ನು ಮಾತ್ರ, ಇವತ್ತಿನ ಅಲಗಿನ ಸ್ಥಿತಿಯನ್ನು ಹೇಳುವುದಿಲ್ಲ. ಮುಂಗೈ ಕೂದಲಿನ ಪರೀಕ್ಷೆಯೂ ಅಷ್ಟೇ: ಚೆನ್ನಾಗಿ ಮಸೆದ ಅಡುಗೆಮನೆಯ ಚಾಕು ಕೂಡ ಮುಂಗೈ ಕೂದಲನ್ನು ಕತ್ತರಿಸುತ್ತದೆ, ಆದರೆ ಅದನ್ನು ಗದ್ದದ ಹತ್ತಿರ ತರಲಾಗದು.

ಮನೆಯಲ್ಲಿ ಮೊದಲ ಸಲ ಹಚ್ಚಿದಾಗ ಕತ್ತಿ ಕೂದಲನ್ನು ಕತ್ತರಿಸುವ ಬದಲು ಕಿತ್ತಿತು. ಧಾರೆ ಕಡಿಮೆಯಾಗಿದೆಯೆಂದು ತಿಳಿದು ನಮ್ಮ ಸೊಸಾಯಿಟಿಯ ಗೇಟಿನ ಮುಂದೆ ‘ಧಾರ್, ಚಾಕು ಚುರಿ ಧಾರ್’ ಎಂದು ಕೂಗುತ್ತ ಬಂದವನನ್ನು ನಿಲ್ಲಿಸಿದೆ. ಅವನು ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಪೆಡಲ್ ತುಳಿದು, ಹ್ಯಾಂಡಲ್ ಬಳಿಯ ಸಾಣೆಯ ಚಕ್ರಕ್ಕೆ ಕತ್ತಿಯ ಅಲಗನ್ನು ಓರೆಯಾಗಿ ಕೊಟ್ಟ. ನೀರಿನ ಒಂದು ಹನಿಯೂ ಇಲ್ಲ. ಕಿಡಿಗಳು ದೀಪಾವಳಿಯ ಸುರುಸುರು ಬತ್ತಿಯಂತೆ ಹಾರಿದವು. ಎರಡು ನಿಮಿಷದಲ್ಲಿ ಕೆಲಸ ಮುಗಿದು, ಮೂವತ್ತು ರೂಪಾಯಿ ಎಣಿಸಿಕೊಟ್ಟೆ. ಅಲಗಿನ ಮೊನೆಯ ಹತ್ತಿರ ಹುಲ್ಲಿನ ಹಳದಿ, ಅದರಾಚೆ ನವಿಲಿನ ಕುತ್ತಿಗೆಯಂಥ ನೀಲಿ ಬಣ್ಣ ಮೂಡಿದ್ದನ್ನು ಕಂಡು ಚೆಂದವಿದೆಯೆಂದು ಹೆಂಡತಿಗೆ ತೋರಿಸಿದ್ದೂ ಉಂಟು. ಅವನ ತಪ್ಪೇನೂ ಇಲ್ಲ. ಇಳಿಗೆಮಣೆಗೂ ಕತ್ತರಿಗೂ ಸಲ್ಲುವ ಕೆಲಸವನ್ನೇ ಅವನು ಮಾಡಿದ.

ಆಮೇಲೆ ನನ್ನದೇ ಪ್ಯಾಂಟಿನ ಬೆಲ್ಟನ್ನು ಕಿಟಕಿಯ ಗ್ರಿಲ್ಲಿಗೆ ಸಿಕ್ಕಿಸಿ, ಹಳೆಯ ಸಿನಿಮಾಗಳಲ್ಲಿ ಕಂಡಂತೆ ಕತ್ತಿಯನ್ನು ಚಟಪಟನೆ ಉಜ್ಜಿದೆ. ಬೆಲ್ಟಿನ ಅಂಚಿಗೆ ಹೊಲಿಗೆಯಿತ್ತು. ಅಲಗು ಮುಂದಾಗಿ ಓಡಿದ್ದರಿಂದ ಬೆಲ್ಟೇ ಎರಡು ಕಡೆ ಸೀಳಿತು. ಉಗುರಿಗೆ ತಾಗಿಸಿದರೆ ಅಲಗು ಕಚ್ಚಿ ಹಿಡಿಯುತ್ತಿದ್ದುದರಿಂದ ಧಾರೆ ಬಂದಿದೆಯೆಂದುಕೊಂಡೆ. ಅದು ಚಕ್ರದ ಉಜ್ಜಿಗೆ ಅಂಚಿನಲ್ಲಿ ಮಡಚಿಕೊಂಡು ನಿಂತ ಲೋಹದ ಸಿಬಿರು ಎಂಬುದು ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ನೊರೆ ಹಚ್ಚಿ ಕೆನ್ನೆಯ ಮೇಲಿಂದ ಕತ್ತಿ ಇಳಿಸಿದೆ. ಎರಡು ಬೆರಳಷ್ಟು ದೂರ ಸುಗಮವಾಗಿ ಬಂದು ದವಡೆಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಕೆಳಕ್ಕೆ ಸರಿಯದಿದ್ದಾಗ ಒತ್ತಡ ಹೆಚ್ಚಿಸಿದೆ. ಅಷ್ಟರಲ್ಲಿ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯಿತು, ಕೈ ಅರ್ಧ ಅಂಗುಲ ಅಡ್ಡ ಜಾರಿತು. ನೋವೇ ಆಗಲಿಲ್ಲ. ಬಿಳಿಯ ನೊರೆಯಲ್ಲಿ ಮೊದಲು ಒಂದು ತೆಳು ಕೆಂಪು ಗೆರೆ ಕಾಣಿಸಿತು, ಮರುಕ್ಷಣ ಬನಿಯನ್ನಿನ ಹೆಗಲು ತೊಯ್ದಿತ್ತು. ಪಟಿಕ ಉಜ್ಜಿದರೂ ನಿಲ್ಲದಾಗ ಬಟ್ಟೆ ಒತ್ತಿಕೊಂಡು ದವಾಖಾನೆಗೆ ಓಡಿದೆ. ಮೂರು ಹೊಲಿಗೆ, ಒಂದು ಧನುರ್ವಾಯುವಿನ ಚುಚ್ಚುಮದ್ದು.

ತಪ್ಪು ಎಲ್ಲಿ ಆಯಿತೆಂಬುದನ್ನು ತಿಳಿಸಿಕೊಟ್ಟವರು ನಾನು ತಲೆಗೂದಲು ಕತ್ತರಿಸಿಕೊಳ್ಳುವ ಅಂಗಡಿಯ ಹಿರಿಯರು. ವಿಜಯಪುರದ ಕಡೆಯವರು, ಮುಂಬೈಗೆ ಬಂದು ನಲವತ್ತು ವರ್ಷವಾದರೂ ಮಾತು ಊರಿನದೇ. ಕತ್ತಿಯನ್ನು ಬಿಚ್ಚಿ, ಟ್ಯೂಬ್‌ಲೈಟಿನ ಕೆಳಗೆ ಅಲಗನ್ನು ಮೇಲೆ ಮಾಡಿ ಹಿಡಿದು ನೋಡಿದರು. ಧಾರೆಯಿರುವ ಅಲಗು ಹಾಗೆ ನೋಡಿದರೆ ಬೆಳಕಿಗೆ ಕಾಣಿಸುವುದೇ ಇಲ್ಲ. ನನ್ನದರಲ್ಲಿ ಉದ್ದಕ್ಕೂ ಚುಕ್ಕಿ ಚುಕ್ಕಿಯಾಗಿ ಮಿನುಗುತ್ತಿತ್ತು. ನೀಲಿ ಕಲೆಯ ಮೇಲೆ ಹೆಬ್ಬೆರಳಿಟ್ಟು, ‘ಇದರ ಜೀವಾನ ಹೋಗೇತ್ರೀ ಸರ, ಇದಕ್ಕ ಗಾಲಿ ತೋರಸಬಾರದಿತ್ತು’ ಎಂದರು.

ಅವರು ಹೇಳಿದ್ದರ ಸಾರ ಹೀಗಿದೆ. ಈ ಕತ್ತಿಯ ಉಕ್ಕಿನ ಗಡಸುತನವು ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿ ಬರಿಸಿದ್ದು. ಅಲಗು ಕಾಗದಕ್ಕಿಂತ ತೆಳುವಾದ್ದರಿಂದ ಒಣ ಚಕ್ರದ ಮೇಲೆ ಕ್ಷಣದಲ್ಲಿ ಕಾದುಬಿಡುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಉಕ್ಕಿನ ಮೇಲೆ ನೀಲಿ ಪೊರೆ ಬರುತ್ತದೆ, ಅಷ್ಟು ಹೊತ್ತಿಗೆ ಆ ಹದ ಕೆಟ್ಟು ಉಕ್ಕು ಮೆತ್ತಗಾಗಿರುತ್ತದೆ. ಮೆತ್ತಗಾದ ಭಾಗವನ್ನು ಪೂರ್ತಿ ಸವೆಸಿ ತೆಗೆಯದ ಹೊರತು ಎಷ್ಟು ಮಸೆದರೂ ಅಲ್ಲಿ ಧಾರೆ ನಿಲ್ಲುವುದಿಲ್ಲ. ಎರಡನೆಯದು, ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ: ಕ್ಷೌರದ ಕತ್ತಿಯ ದಪ್ಪ ಬೆನ್ನೇ ಅದರ ಅಳತೆಗೋಲು. ಕತ್ತಿಯನ್ನು ಚಪ್ಪಟೆ ಕಲ್ಲಿನ ಮೇಲೆ ಮಲಗಿಸಿದಾಗ ಬೆನ್ನು ಮತ್ತು ಅಲಗು ಎರಡೂ ಒಟ್ಟಿಗೆ ತಾಗಿ, ಧಾರೆಗೆ ಬೇಕಾದ ಕೋನ ತಾನಾಗಿಯೇ ಸಿಗುತ್ತದೆ. ಚಕ್ರಕ್ಕೆ ಓರೆಯಾಗಿ ಕೊಟ್ಟರೆ ಅಲಗಷ್ಟೇ ಸವೆದು ಆ ಲೆಕ್ಕವೇ ತಪ್ಪಿಹೋಗುತ್ತದೆ.

ಸರಿಯಾದ ದಾರಿ ನಿಧಾನದ್ದು. ಸಾವಿರ ಗ್ರಿಟ್ಟಿನ (ಗ್ರಿಟ್ ಎಂದರೆ ಕಲ್ಲಿನ ಕಣದ ಅಳತೆ, ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು) ನೀರುಕಲ್ಲಿನಿಂದ, ಅಂದರೆ ನೀರು ಹಾಕಿ ಮಸೆಯುವ ಕಲ್ಲಿನಿಂದ ಶುರುಮಾಡಿ, ನಾಲ್ಕೈದು ಸಾವಿರದ ಕಲ್ಲು, ಎಂಟು ಸಾವಿರದ ಕಲ್ಲು ದಾಟಿ, ಹನ್ನೆರಡು ಸಾವಿರದ ನುಣುಪು ಕಲ್ಲಿಗೆ ಬರಬೇಕು; ಕೈಯ ಭಾರ ಮಾತ್ರ ಇರಬೇಕು, ಒತ್ತಬಾರದು. ಕಲ್ಲುಗಳ ಖರ್ಚು ಕತ್ತಿಗಿಂತ ಹೆಚ್ಚು. ಆದ್ದರಿಂದ ಹೊಸಬರು ಕತ್ತಿಯನ್ನು ಕಲ್ಲಿನಲ್ಲಿ ಮಸೆಯಬಲ್ಲವರ ಕೈಯಲ್ಲಿ ಹದ ಮಾಡಿಸಿ, ಮನೆಯಲ್ಲಿ ಚರ್ಮದ ಪಟ್ಟಿಯನ್ನಷ್ಟೇ ಇಟ್ಟುಕೊಳ್ಳುವುದು ಲೇಸು. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದು, ಬೆನ್ನು ಮುಂದೆ, ಅಲಗು ಹಿಂದೆ ಬರುವಂತೆ ಸರಿಸಬೇಕು. ಕೊನೆಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸಿ ಹಿಂದಿರುಗಿಸಬೇಕು. ಹಿರಿಯರು ನನ್ನಿಂದ ವಾರಗಟ್ಟಲೆ ಬೆಣ್ಣೆ ಸವರುವ ಮೊಂಡು ಚಾಕುವಿನಲ್ಲಿ ಈ ಹೊರಳನ್ನು ಮಾಡಿಸಿದರು. ಅಂಗಡಿಯ ಹುಡುಗರು ಬಾಯಿ ಮುಚ್ಚಿಕೊಂಡು ನಗುತ್ತಿದ್ದುದನ್ನು ನಾನು ಕಾಣಲಿಲ್ಲವೆಂದೇ ಇಟ್ಟುಕೊಳ್ಳೋಣ.

ಆನ್‌ಲೈನಿನಲ್ಲಿ ಮುನ್ನೂರು, ನಾನೂರು ರೂಪಾಯಿಗೆ ಸಿಗುವ ಹೊಳೆಯುವ ‘ಉಸ್ತರಾ’ಗಳ, ಅಂದರೆ ಕ್ಷೌರದ ಕತ್ತಿಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ನನ್ನ ಗೆಳೆಯ ತರಿಸಿದ ಒಂದನ್ನು ಕಲ್ಲಿನ ಮೇಲಿಟ್ಟರೆ ಎರಡು ತುದಿ ತಾಗುತ್ತಿದ್ದವು, ನಡುಭಾಗ ತಾಗುತ್ತಿರಲಿಲ್ಲ. ಅರ್ಧ ಬ್ಲೇಡ್ ಸಿಕ್ಕಿಸುವ ಸಲೂನಿನ ಉಸ್ತರಾ ಬೇರೆಯೇ ಸಾಧನ. ಅದಕ್ಕೆ ಮಸೆತ ಬೇಡ, ಆದರೆ ಅದರ ಹಗುರ ಅಲಗು ಹೊಸ ಕೈಯ ತಪ್ಪನ್ನು ಕ್ಷಮಿಸುವುದಿಲ್ಲ. ಯಾವುದನ್ನೇ ಹಿಡಿದರೂ ಮೊದಲ ತಿಂಗಳು ಕೆನ್ನೆಗಷ್ಟೇ ಹಚ್ಚಿ, ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು, ಸುಮಾರು ಮೂವತ್ತು ಡಿಗ್ರಿ ಓರೆಯಲ್ಲಿ, ಕೂದಲು ಬೆಳೆದ ದಿಕ್ಕಿನಲ್ಲೇ ಇಳಿಸಿ. ಕತ್ತಿ ಅಡ್ಡಕ್ಕೆ ಸರಿದರೆ ಗಾಯ ತಪ್ಪಿದ್ದಲ್ಲ. ಅಲಗು ಎಳೆಯತೊಡಗಿದ ಕೂಡಲೇ ಕೆಳಗಿಡಿ. ನನಗೆ ಅದೊಂದು ತಿಳಿದಿದ್ದರೆ ಹೊಲಿಗೆ ಬೀಳುತ್ತಿರಲಿಲ್ಲ. ಕತ್ತಿಯನ್ನೂ ಪಟ್ಟಿಯನ್ನೂ ಇನ್ನೊಬ್ಬರೊಂದಿಗೆ ಹಂಚಿಕೊಳ್ಳಬಾರದು, ಏಕೆಂದರೆ ರಕ್ತದಿಂದ ಹರಡುವ ಕಾಮಾಲೆಯಂಥ ರೋಗಗಳಿಗೆ ಅದು ದಾರಿ, ಚರ್ಮದ ಪಟ್ಟಿಯನ್ನಂತೂ ಕುದಿಸಿ ಶುದ್ಧ ಮಾಡಲಾಗದು.

ಉಳಿದದ್ದು ಮುಂಬೈ ಮಳೆಯ ಕೆಲಸ. ಕೆಟ್ಟ ಕತ್ತಿಯನ್ನು ನೆನಪಿಗೆಂದು ಬಚ್ಚಲಮನೆಯ ಕಪಾಟಿನಲ್ಲಿ, ಚರ್ಮದ ಚೀಲದಲ್ಲಿಟ್ಟಿದ್ದೆ. ಜುಲೈ ಮುಗಿಯುವಷ್ಟರಲ್ಲಿ ಹಿಡಿಯೊಳಗೆ ಮಡಚಿಕೊಂಡಿದ್ದ ಭಾಗವೆಲ್ಲ ಕಂದು ತುಕ್ಕಾಗಿತ್ತು. ಚರ್ಮ ತೇವ ಹಿಡಿದಿಟ್ಟುಕೊಂಡದ್ದು ಒಂದು ಕಾರಣ. ದಂತವೆಂದು ನಾನು ಭ್ರಮಿಸಿದ್ದ ಹಿಡಿ ಸೆಲ್ಯುಲಾಯ್ಡ್ ಆಗಿದ್ದದ್ದು ಇನ್ನೊಂದು. ಹಳೆಯ ಸೆಲ್ಯುಲಾಯ್ಡ್ ಕೊಳೆಯತೊಡಗಿದರೆ ಆಮ್ಲದ ಆವಿಯನ್ನು ಬಿಡುತ್ತದೆ, ಅದು ಪಕ್ಕದ ಉಕ್ಕನ್ನು ತಿನ್ನುತ್ತದೆ. ಹಳೆಯ ಕತ್ತಿ ಕೊಳ್ಳುವಾಗ ತುಕ್ಕು ಹಿಡಿಯ ಪಕ್ಕದಲ್ಲಷ್ಟೇ ದಟ್ಟವಾಗಿದ್ದರೆ, ಅಥವಾ ಹಿಡಿಯಲ್ಲಿ ಸಣ್ಣ ಬಿರುಕುಗಳಿದ್ದರೆ, ಕೈ ಹಿಂದೆ ತೆಗೆದುಕೊಳ್ಳಿ.

ಈಗ ನನ್ನ ಬಳಿ ಹಿರಿಯರೇ ತಮ್ಮ ಹಳೆಯ ಹಡಪದಿಂದ ತೆಗೆದು, ಮಸೆದು ಕೊಟ್ಟ ಇನ್ನೊಂದು ಕತ್ತಿಯಿದೆ. ಬಳಸಿದ ಮೇಲೆ ಒರೆಸಿ, ಮೊಳೆಯ ಸಂದಿಯವರೆಗೂ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸವರಿ, ಮಲಗುವ ಕೋಣೆಯ ಕಪಾಟಿನಲ್ಲಿ ತೇವ ಹೀರುವ ಪುಟ್ಟ ಪೊಟ್ಟಣಗಳ ಜೊತೆ ಇಡುತ್ತೇನೆ. ಭಾನುವಾರ, ಕುಕ್ಕರ್ ಒಲೆಯಿಂದ ಇಳಿದ ಮೇಲೆ, ಕೆನ್ನೆಗಳೆರಡಕ್ಕೆ ಅದನ್ನು ಹಚ್ಚುತ್ತೇನೆ. ಗದ್ದ ಮತ್ತು ಮೇಲ್ದುಟಿಗೆ ಇನ್ನೂ ಸೇಫ್ಟಿ ರೇಜರೇ.