ಹಳೆ ಪದ್ಮಿನಿಯ ವೈರಿಂಗ್ ದೋಷ ಹುಡುಕಲು ಮಲ್ಟಿಮೀಟರ್: ಆರು ವರ್ಷ ಬಳಸಿದ ಮೇಲೆ

2019ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 900 ರೂಪಾಯಿ ಕೊಟ್ಟು ವೋಲ್ಟ್, ಕರೆಂಟ್, ಓಮ್ ಅಳೆಯುವ ಈ ಡಿಜಿಟಲ್ ಮಲ್ಟಿಮೀಟರ್ ತಂದೆ. ಹಳದಿ ರಬ್ಬರ್ ಕವಚ, ನಡುವೆ ತಿರುಗಿಸುವ ದೊಡ್ಡ ಗುಂಡಿ, 10 ಆಂಪಿಯರ್‌ವರೆಗೆ ಕರೆಂಟ್ ಅಳೆಯಲು ಒಂದು ತೂತು. ಮನೆ ಕೆಲಸಕ್ಕೆ ತಂದದ್ದಲ್ಲ, ಅಪ್ಪನ 1978ರ ಪ್ರೀಮಿಯರ್ ಪದ್ಮಿನಿಗೆ ಅಂತಲೇ ತಂದದ್ದು.

ಆಗ ಗಾಡಿಯ ಹೆಡ್‌ಲೈಟ್ ತುಂಬಾ ಮಂಕಾಗಿತ್ತು. ಒಂದು ರಾತ್ರಿ ಸಾಗರದ ಕಡೆಯಿಂದ ಬರುವಾಗ ರಸ್ತೆಯ ಅಂಚು ಕಾಣದೆ ಎರಡು ಸಲ ಗಾಡಿ ನಿಲ್ಲಿಸಿದ್ದೆ. ಗ್ಯಾರೇಜಿನಲ್ಲಿ ಮೊದಲು ಬ್ಯಾಟರಿ ಬದಲಿಸಿದರು, ಆಮೇಲೆ ಕಟೌಟ್ (ಬ್ಯಾಟರಿಯ ಚಾರ್ಜಿಂಗ್ ಹತೋಟಿಯಲ್ಲಿಡುವ ಪೆಟ್ಟಿಗೆ) ಬದಲಿಸಿದರು. ಬೆಳಕು ಹಾಗೇ ಇತ್ತು. ಕೊನೆಗೆ "ಪೂರ್ತಿ ವೈರಿಂಗ್ ಕಿಟ್ಟೇ ಹೊಸದು ಹಾಕಬೇಕು ಸಾರ್" ಅಂದರು. ಅಪ್ಪ ಓಡಿಸಿದ ಗಾಡಿಯ ಹೊಟ್ಟೆ ಪೂರ್ತಿ ಬಿಚ್ಚಿಸಲು ನನಗೆ ಮನಸ್ಸು ಬರಲಿಲ್ಲ. ಮೀಟರ್ ಕೊಂಡದ್ದು ಅದಕ್ಕೇ.

ಮೊದಲ ದಿನ ಬಲ್ಬಿನ ಸಾಕೆಟ್ ಕಳಚಿ ಮೀಟರಿನ ವೈರ್ ತುದಿಯ ಕಡ್ಡಿ ಇಟ್ಟು ನೋಡಿದೆ. 12.5 ವೋಲ್ಟ್. ಬ್ಯಾಟರಿಯಲ್ಲಿ 12.6. ಎಲ್ಲಾ ಸರಿ ಇದೆ ಅಂತ ತೋರುತ್ತಿತ್ತು, ಬೆಳಕು ಮಾತ್ರ ಇಲ್ಲ. ಈ ಮೀಟರ್ ಕೊಳ್ಳುವ ಎಲ್ಲರೂ ಮೊದಲು ತಿಳಿಯಬೇಕಾದದ್ದು ಇದೇ. ಡಿಜಿಟಲ್ ಮೀಟರ್ ಅಳೆಯುವಾಗ ಎಳೆದುಕೊಳ್ಳುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಿಲುಬು ಹಿಡಿದ ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ತೋರಿಸುತ್ತದೆ. ಓಮ್ಸ್‌ಗೆ (ವೈರಿನ ತಡೆ ಅಳೆಯಲು) ಇಟ್ಟು ನೋಡಿದರೂ ಜಾಸ್ತಿ ಪ್ರಯೋಜನ ಇಲ್ಲ. ನನ್ನ ಮೀಟರಿನ ಎರಡು ಕಡ್ಡಿ ಸುಮ್ನೆ ಒಂದಕ್ಕೊಂದು ತಾಗಿಸಿದರೇ 0.3 ಓಮ್ ಬರುತ್ತದೆ. ಹೆಡ್‌ಲೈಟ್ ಮಂಕಾಗಲು ಅರ್ಧ ಓಮ್ ಸಾಕು.

ಹಾಗಾಗಿ ಲೈಟ್ ಉರಿಯುತ್ತಿರುವಾಗಲೇ ಅಳೆಯಬೇಕು. ಸಾಕೆಟ್ ವಾಪಸ್ ಸಿಕ್ಕಿಸಿ, ಲೈಟ್ ಹಾಕಿ, ಹಿಂದಿನಿಂದ ಕಡ್ಡಿ ತೂರಿಸಿದೆ. ಬ್ಯಾಟರಿಯಲ್ಲಿ 12.3, ಬಲ್ಬಿನಲ್ಲಿ 9.8. ಎರಡೂವರೆ ವೋಲ್ಟ್ ದಾರಿಯಲ್ಲೇ ಹೋಗುತ್ತಿತ್ತು! ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಬಲ್ಬಿನ ಅರ್ಥ್ ವೈರಿಗೆ (ಕರೆಂಟ್ ಗಾಡಿಯ ತಗಡಿನ ಮೂಲಕ ಮೈನಸ್‌ಗೆ ವಾಪಸ್ ಹೋಗುವ ವೈರ್) ಇಟ್ಟೆ. 1.6 ವೋಲ್ಟ್. ಅಲ್ಲಿ 0.2ಕ್ಕಿಂತ ಜಾಸ್ತಿ ಇರಬಾರದು. ಉಳಿದ 0.9 ಪ್ಲಸ್ ಕಡೆಯ ಸ್ವಿಚ್ ಮತ್ತು ಜಾಯಿಂಟ್‌ಗಳದ್ದು.

ಅರ್ಥ್ ವೈರ್ ಹಿಡಿದುಕೊಂಡು ಹೋದರೆ ಗಾಡಿಯ ತಗಡಿಗೆ ಬಿಗಿದ ಒಂದು ಸಣ್ಣ ಸ್ಕ್ರೂ ಸಿಕ್ಕಿತು. ಅದರ ಮೇಲೆ ಯಾವತ್ತೋ ಹೊಡೆದ ಪೇಂಟು, ಕೆಳಗೆ ತುಕ್ಕು. ವೈರಿನ ತುದಿಯ ಲೋಹದ ಬಳೆ (ಥಿಂಬಲ್) ಎತ್ತಿದಾಗ ಹಸಿರು ಪುಡಿ ಉದುರಿತು. ಎಮರಿ ಪೇಪರ್‌ನಿಂದ ತಗಡು ಹೊಳೆಯುವವರೆಗೆ ಉಜ್ಜಿದೆ. ಹೊಸ ಸ್ಕ್ರೂ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಮತ್ತೆ ಅಳೆದರೆ 0.1. ಎದುರಿನ ಗೋಡೆಯ ಮೇಲೆ ಬೆಳಕು ಬಿದ್ದದ್ದು ನೋಡಿ ಅಮ್ಮನನ್ನು ಕೂಗಿ ಕರೆದೆ. ಪ್ಲಸ್ ಕಡೆಗೆ ಆಮೇಲೆ ರಿಲೇ (ಹಳೆ ಸ್ವಿಚ್ಚಿನ ಬದಲು ಜಾಸ್ತಿ ಕರೆಂಟನ್ನು ತಾನೇ ಹೊರುವ ಸ್ವಿಚ್) ಹಾಕಿಸಿದೆ. ವೈರಿಂಗ್ ಕಿಟ್ ಇವತ್ತಿಗೂ ಹಳೆಯದೇ.

ಆಮೇಲೆ ಈ ಮೀಟರ್ ಬೇಕಾದಷ್ಟು ಸಲ ದಾರಿ ತೋರಿಸಿದೆ. ವೈಪರ್ ತನಗೆ ಮನಸ್ಸು ಬಂದಾಗ ಓಡುತ್ತಿತ್ತು, ಇಲ್ಲವಾದರೆ ನಿಲ್ಲುತ್ತಿತ್ತು. ಈ ಗಾಡಿಯಲ್ಲಿ ಇರುವುದು ಪಿಂಗಾಣಿ ಮೈಯ, ಎರಡೂ ತುದಿ ಚೂಪಾದ ಹಳೆ ಕಾಲದ ಫ್ಯೂಸ್. ಫ್ಯೂಸ್ ಸುಟ್ಟಿರಲಿಲ್ಲ. ಆದರೆ ಹಿಡಿಯುವ ಎರಡು ಕ್ಲಿಪ್‌ಗಳ ನಡುವೆ 0.6 ವೋಲ್ಟ್ ಬೀಳುತ್ತಿತ್ತು. ಬೆರಳಲ್ಲಿ ಫ್ಯೂಸನ್ನು ಸ್ವಲ್ಪ ತಿರುಗಿಸಿದರೆ ವೈಪರ್ ಓಡಲು ಶುರು. ಕ್ಲಿಪ್ ಉಜ್ಜಿ, ಒಳಕ್ಕೆ ಸ್ವಲ್ಪ ಬಗ್ಗಿಸಿದ ಮೇಲೆ ಆ ತೊಂದರೆ ಬಂದಿಲ್ಲ.

ಇನ್ನೊಂದು ಸಲ, ಮೂರು ದಿನ ನಿಲ್ಲಿಸಿದರೆ ಸೆಲ್ಫ್ (ಎಂಜಿನ್ ಶುರು ಮಾಡುವ ಮೋಟಾರು) ಎಳೆಯುತ್ತಿರಲಿಲ್ಲ. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ ನಡುವೆ ಮೀಟರ್ ಸೇರಿಸಿದೆ. ಎಲ್ಲಾ ಆಫ್ ಇದ್ದರೂ 0.38 ಆಂಪಿಯರ್. 45 ಆಂಪಿಯರ್ ಅವರ್‌ನ (ಅಂದರೆ ಸುಮಾರು ಒಂದು ಆಂಪಿಯರ್‌ನಂತೆ 45 ಗಂಟೆ ಕೊಡುವ) ಬ್ಯಾಟರಿ ಎರಡೂವರೆ ದಿನಕ್ಕೆ ಅರ್ಧ ಖಾಲಿ. ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದೆ, ಅಂಕಿ ಇಳಿಯಲಿಲ್ಲ. ಅಂದರೆ ಫ್ಯೂಸ್ ದಾಟದ ವೈರ್ ಎಲ್ಲೋ ಇದೆ ಅಂತಾಯಿತಲ್ವಾ? ಹುಡುಕಿದರೆ, ಯಾವಾಗಲೋ ಕ್ಯಾಸೆಟ್ ಪ್ಲೇಯರ್‌ಗೆ ಅಂತ ಬ್ಯಾಟರಿಯಿಂದ ನೇರ ಎಳೆದ ಲೈನು. ಫ್ಯೂಸ್ ಇಲ್ಲದ ಆ ವೈರ್ ನೋಡಿ ನಿಜವಾಗಿಯೂ ಭಯವಾಯಿತು. ಎಲ್ಲಾದರೂ ಗಾಡಿಯ ತಗಡಿಗೆ ತಾಗಿದ್ದರೆ ಬೆಂಕಿಯೇ.

ಹೀಗೆ ಅಳೆಯುವಾಗ ಸೆಲ್ಫ್ ಹೊಡೆಯಲೇಬಾರದು, ಅದಕ್ಕೆ ನೂರು ಆಂಪಿಯರ್ ದಾಟಿ ಬೇಕು. ಕೆಲಸ ಮುಗಿದ ತಕ್ಷಣ ಕೆಂಪು ಕಡ್ಡಿಯನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಒಮ್ಮೆ ಮರೆತು ಹಾಗೇ ಬ್ಯಾಟರಿಗೆ ಇಟ್ಟೆ. ಕಿಡಿ ಹಾರಿ ಮೀಟರಿನ ಒಳಗಿನ ಫ್ಯೂಸ್ ಹೋಯಿತು.

ಕೊರತೆಗಳೂ ಇವೆ. ಪರದೆಗೆ ಬೆಳಕಿಲ್ಲ, ಡ್ಯಾಶ್‌ಬೋರ್ಡ್ ಅಡಿಯಲ್ಲಿ ಮಲಗಿದರೆ ಅಂಕಿ ಕಾಣಲ್ಲ. 15 ನಿಮಿಷಕ್ಕೆ ತಾನೇ ಆಫ್ ಆಗುತ್ತದೆ, ಬ್ಯಾಟರಿ ಸೋರಿಕೆ ಹುಡುಕುವಾಗ ಇದು ದೊಡ್ಡ ಕಿರಿಕಿರಿ. ನಮ್ಮದು ಡೈನಮೋ ಗಾಡಿ. ಎಂಜಿನ್ ಓಡುವಾಗ ಸ್ಪಾರ್ಕಿನ ಗದ್ದಲಕ್ಕೆ ಅಂಕಿಗಳು ಕುಣಿಯುತ್ತವೆ. ಚಾರ್ಜಿಂಗ್ ನೋಡಲು ಅಕ್ಕಪಕ್ಕದವರ ಹಳೆ ಮುಳ್ಳಿನ ಮೀಟರ್ ತರುತ್ತೇನೆ. ಮುಳ್ಳು ನಿಧಾನಕ್ಕೆ 14ರ ಹತ್ತಿರ ಏರುವುದು ಅದರಲ್ಲೇ ಚೆನ್ನಾಗಿ ಕಾಣುತ್ತದೆ.

ಇದರ ಜೊತೆ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದು ಇಟ್ಟುಕೊಳ್ಳಿ. ಮೀಟರ್ 12 ತೋರಿಸಿದರೂ ಬಲ್ಬ್ ಮಂಕಾಗಿ ಉರಿದರೆ ಆ ವೈರ್ ನಂಬಬೇಡಿ. ಮೀಟರಿನ ಜೊತೆ ಬಂದ ವೈರ್‌ಗಳು ಮೂರನೇ ವರ್ಷಕ್ಕೆ ಗಡುಸಾಗಿ ಬುಡದಲ್ಲಿ ಬಿರುಕು ಬಿಟ್ಟವು. 250 ರೂಪಾಯಿಗೆ ಸಿಲಿಕೋನ್ ವೈರ್‌ಗಳು ತಂದೆ, ಬಾಳೆನಾರಿನಷ್ಟು ಮೆತ್ತಗಿವೆ. ಮೀಟರ್ ಕೊಳ್ಳುವ ದಿನವೇ ಅವನ್ನೂ ತಂದುಬಿಡಿ.