ಕೌನ್ಸೆಲಿಂಗ್‌ಗೆ ಸರ್ಕಾರಿ ವಿಮೆ: ಕಾರ್ಡ್ ಇದೆ, ಅಪಾಯಿಂಟ್‌ಮೆಂಟ್ ಸಿಗಬೇಕಲ್ಲ

ಸರ್ಕಾರಿ ಆರೋಗ್ಯ ವಿಮೆಯಲ್ಲಿ ಕೌನ್ಸೆಲಿಂಗ್ ಕೂಡ ಸೇರಿದೆ ಅಂತ ಕೇಳಿ ಖುಷಿಯಿಂದ ಹೋದೆ. ಸೇರಿದೆ, ಸುಳ್ಳಲ್ಲ. ಆದರೆ ಮೊದಲು ಡಾಕ್ಟರ ಚೀಟಿ ಬೇಕು, ಅದರಲ್ಲಿ ಕಾಯಿಲೆಯ ಹೆಸರು ಇರಬೇಕು, ಆಮೇಲೆ ವಿಮೆಯ ಪಟ್ಟಿಯಲ್ಲಿರುವ ಕೌನ್ಸೆಲರ್ ಒಬ್ಬರನ್ನೇ ಹುಡುಕಬೇಕು; ನಾನು ಫೋನ್ ಮಾಡಿದ 6 ಜನರಲ್ಲಿ ನಾಲ್ವರು ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ ಅಂದರು, ಒಬ್ಬರ ನಂಬರೇ ಬದಲಾಗಿತ್ತು. ಮನಸ್ಸು ಕುಸಿದಿರುವಾಗ ಇಷ್ಟೆಲ್ಲ ಓಡಾಡಲು ಯಾರಿಗೆ ಶಕ್ತಿ ಇರುತ್ತದೆ, ಅಲ್ವಾ? ಕೊನೆಗೆ ಸಿಕ್ಕವರು ಮಾತ್ರ ಅಪ್ಪಟ ಚಿನ್ನ. 8 ಭೇಟಿಗೆ ಕೈಯಿಂದ ದುಡ್ಡು ಹೋಗಲಿಲ್ಲ. ಒಂಬತ್ತನೆಯದಕ್ಕೆ ಮತ್ತೆ ಅರ್ಜಿ! ಗಂಡ ಹೆಂಡತಿ ಜಗಳಕ್ಕೆ ಕೌನ್ಸೆಲಿಂಗ್ ಬೇಕಾದವರು ಮೊದಲೇ ಕೇಳಿಕೊಳ್ಳಿ, ಅದನ್ನು ಚಿಕಿತ್ಸೆ ಅಂತ ವಿಮೆಯವರು ಒಪ್ಪುವುದು ಕಮ್ಮಿ. ಐದಕ್ಕೆ ಮೂರು ಸ್ಟಾರ್, ಅದೂ ಕೌನ್ಸೆಲರ್ ಪುಣ್ಯದಿಂದ.