ದುಬೈ ಕಾಗದ, ಜರ್ಮನಿ ಕಾಗದ: ಅಡ್ಡಹೆಸರು ಇರುವ ನಮ್ಮ ಕಡೆಯವರಿಗೆ ಒಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಜರ್ಮನಿ ಕಡೆ. ಎರಡೂ ದೇಶದ ಕಾಗದಪತ್ರ ಮಾಡಿಸಿ ನೋಡಿದ ಮೇಲೆ ಬಂದ ಅಭಿಪ್ರಾಯ ಇದು. ದುಬೈಯಲ್ಲಿ ಕೆಲಸ ಲಗೂ ಆಗುತ್ತದೆ, ಜರ್ಮನಿಯಲ್ಲಿ ತಡ. ಅದರಲ್ಲಿ ಎರಡು ಮಾತಿಲ್ಲ. ಆದರೆ ದುಬೈಯಲ್ಲಿ ನಿಮ್ಮ ಕಾಗದ ಓಡಾಡುವುದು ಕಂಪನಿ ಪರವಾಗಿ ಸರಕಾರಿ ಕಚೇರಿ ತಿರುಗುವ ಪಿಆರ್‌ಒ ಕೈಯಲ್ಲಿ. ಯಾವ ಅರ್ಜಿ ಎಲ್ಲಿಗೆ ಬಂದಿದೆ ಅಂತ ಅವನಿಗೆ ಗೊತ್ತು, ನಿಮಗಿಲ್ಲ. ಜರ್ಮನಿಯಲ್ಲಿ ಪ್ರತಿ ಕಾಗದವೂ ನಿಮ್ಮ ಹೆಸರಿಗೆ, ನಿಮ್ಮ ಮನೆ ಅಂಚೆಪೆಟ್ಟಿಗೆಗೇ ಬರುತ್ತದೆ. ಸಂಬಳ, ಚಳಿ, ಊಟದ ವಿಷಯ ಇಲ್ಲಿ ಎತ್ತುವುದಿಲ್ಲ. ನೌಕರಿ ಮೇಲೆ ಹೋಗುವವರ ಕಾಗದದ ಮಾತಷ್ಟೇ.

ಹುಬ್ಬಳ್ಳಿಯಿಂದ ಹೊರಡುವ ಮಂದಿ ಮೊದಲು ರೊಕ್ಕ ಹಾಳು ಮಾಡಿಕೊಳ್ಳುವುದು ಅಪಾಸ್ಟಿಲ್ ಚೀಟಿಗೆ, ಅಂದರೆ ಕಾಗದ ಅಸಲಿ ಅಂತ ನಮ್ಮ ಸರಕಾರ ಅಂಟಿಸುವ ದೃಢೀಕರಣಕ್ಕೆ. "ಸರ, ಇದೊಂದು ಅಂಟಿಸಿಬಿಟ್ರ ಎಲ್ಲಾ ದೇಶಕ್ಕೂ ನಡೀತದ್ರಿ" ಅನ್ನುವ ಏಜೆಂಟರು ಬೇಕಾದಷ್ಟು ಸಿಗುತ್ತಾರೆ. ಈ ಎರಡು ದೇಶಗಳಲ್ಲಂತೂ ಅದು ನಡೆಯುವುದಿಲ್ಲ. ಅಪಾಸ್ಟಿಲ್ ಒಪ್ಪಂದ ಭಾರತಕ್ಕೆ ಜಾರಿಗೆ ಬಂದದ್ದು 2005ರ ಜುಲೈ 14ರಂದು. ದುಬೈ ಇರುವ ದೇಶ ಯುಎಇ ಆ ಒಪ್ಪಂದಕ್ಕೆ ಸೇರಿಲ್ಲ. ಜರ್ಮನಿ ಸೇರಿದೆ, ಆದರೆ ಭಾರತ ಸೇರುವಾಗ ಆಕ್ಷೇಪ ಎತ್ತಿತು. ಹಾಗಾಗಿ ಭಾರತ, ಜರ್ಮನಿ ನಡುವೆ ಒಪ್ಪಂದ ಲೆಕ್ಕಕ್ಕಿಲ್ಲ. ಒಮಾನ್‌ಗೆ ಹೋಗುವವರಿಗೆ, 2022ರ ಡಿಸೆಂಬರ್‌ನಿಂದ ಸೌದಿಗೆ ಹೋಗುವವರಿಗೂ, ಅದೇ ಚೀಟಿ ಕೆಲಸಕ್ಕೆ ಬರುತ್ತದೆ. ಯಾವ ದೇಶ ಅಂತ ಗಟ್ಟಿಯಾಗುವ ತನಕ ಏಜೆಂಟರಿಗೆ ಮುಂಗಡ ಕೊಡಬೇಡಿ.

ಯುಎಇಗೆ ಬೇಕಾದದ್ದು ಮುದ್ರೆಗಳ ಸರಪಳಿ. ಪದವಿ ಪ್ರಮಾಣಪತ್ರಕ್ಕೆ ಮೊದಲು ಬೆಂಗಳೂರಿನಲ್ಲಿ ರಾಜ್ಯ ಸರಕಾರದ ದೃಢೀಕರಣ, ಅದರ ಮೇಲೆ ನಮ್ಮ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿಯದು, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಸಚಿವಾಲಯದ್ದು. ಹಿಂದಿನ ಮುದ್ರೆ ಇಲ್ಲದೆ ಮುಂದಿನ ಕಚೇರಿ ಮುಟ್ಟುವುದಿಲ್ಲ. ಮುದ್ರೆ ಬೀಳುವುದು ಮೂಲ ಪ್ರಮಾಣಪತ್ರದ ಬೆನ್ನಿಗೆ. ಅಲ್ಲೇ ನಮ್ಮವರು ಸಿಕ್ಕಿಬೀಳುತ್ತಾರೆ, ಯಾಕಂದರೆ ಊರಲ್ಲಿ ಪದವಿ ಕೈಗೆ ಬಂದ ವಾರದಲ್ಲೇ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಆಗಿರುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ಹಿಡಿಯುವುದಿಲ್ಲ. ಇಸ್ತ್ರಿಪೆಟ್ಟಿಗೆ ಇಟ್ಟು ಹಾಳೆ ಬಿಡಿಸಲು ಹೋದರೆ ಅಕ್ಷರವೂ ಪ್ಲಾಸ್ಟಿಕ್ ಜೊತೆ ಎದ್ದು ಬರುತ್ತದೆ. ಅದರ ಬದಲು ಕರ್ನಾಟಕ ವಿಶ್ವವಿದ್ಯಾಲಯದಲ್ಲೋ, ಇಂಜಿನಿಯರಿಂಗ್ ಆದರೆ ಬೆಳಗಾವಿಯ ವಿಟಿಯುದಲ್ಲೋ ಎರಡನೇ ಪ್ರತಿಗೆ ಅರ್ಜಿ ಹಾಕಿ. ಅದಕ್ಕೆ ಸಮಯ ಹಿಡಿಯುತ್ತದೆ, ಆಫರ್ ಲೆಟರ್ ಬರುವ ಮುಂಚೆಯೇ ಹಾಕಿಡಿ.

ಜರ್ಮನಿಗೆ ಮೂಲ ಪ್ರತಿಯ ಮೇಲೆ ಯಾರೂ ಒಂದು ಗೆರೆ ಎಳೆಯುವುದಿಲ್ಲ. ಅನಾಬಿನ್ ಎಂಬ ಸರಕಾರಿ ಪಟ್ಟಿಯಲ್ಲಿ ನಿಮ್ಮ ವಿಶ್ವವಿದ್ಯಾಲಯಕ್ಕೆ 'ಎಚ್ ಪ್ಲಸ್' (ಮಾನ್ಯತೆ ಇದೆ ಎಂಬ ಗುರುತು) ಇದೆಯೇ, ನಿಮ್ಮ ಪದವಿಯ ಹೆಸರು ಇದೆಯೇ ನೋಡಿ ಮುದ್ರಿಸಿಕೊಳ್ಳಬೇಕು. ಆ ಪಟ್ಟಿಯಲ್ಲಿ ನಿಮ್ಮ ಪದವಿ ಸಿಗದಿದ್ದರೆ ಜ಼ಡ್‌ಎಬಿ ಎಂಬ ಕಚೇರಿಯಿಂದ ಹೋಲಿಕೆ ಪತ್ರ, ಶುಲ್ಕ 208 ಯೂರೋ. ಕೂತಲ್ಲಿಂದಲೇ ಆಗುವ ಕೆಲಸ.

ಇನ್ನು ಹೆಸರು. ಎರಡೂ ಕಡೆ ನಮ್ಮವರನ್ನು ಹೈರಾಣ ಮಾಡುವುದು ಇದೊಂದೇ, ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತೇನೆ.

ಧಾರವಾಡ, ಗದಗ, ಹಾವೇರಿ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ತುಂಡು. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ 'ಬಸವರಾಜ ಎಸ್ ಪಾಟೀಲ' ಅಂತ ಇರುತ್ತದೆ, ಪದವಿಯಲ್ಲಿ ಅಡ್ಡಹೆಸರು ಮುಂದೆ ಬಂದು 'ಪಾಟೀಲ ಬಸವರಾಜ ಶಿವನಗೌಡ' ಆಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಕೂತಿರುತ್ತದೆ. ಅಕ್ಷರದ ತಕರಾರು ಬೇರೆ. ಗೌಡ ಅನ್ನುವುದನ್ನು ಇಂಗ್ಲಿಷಿನಲ್ಲಿ ನಮ್ಮ ಕಡೆ 'ಯು' ಹಾಕಿ ಬರೆಯುತ್ತಾರೆ, ಬೆಂಗಳೂರಿನ ಕಡೆ 'ಡಬ್ಲ್ಯು' ಹಾಕುತ್ತಾರೆ. ಬೆಂಗಳೂರಿನ ಕಾಲೇಜಿನಲ್ಲಿ ಓದಿದವರ ಕಾಗದದಲ್ಲಿ ಎರಡೂ ಸಿಗುತ್ತವೆ. ಒಂದು ಕಾಗದದಲ್ಲಿ ಈರಪ್ಪ ಆದವರು ಇನ್ನೊಂದರಲ್ಲಿ ವೀರಪ್ಪ ಆಗಿರುತ್ತಾರೆ. ಊರಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಹೊರದೇಶದ ಗುಮಾಸ್ತನ ಕಣ್ಣಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು.

ಯುಎಇದಲ್ಲಿ ತಕರಾರು ಬಾಗಿಲಲ್ಲೇ ಶುರುವಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದು ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ಪ್ರವಾಸಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ, 2022ರ ನವೆಂಬರ್ 21ರಿಂದ ಈ ನಿಯಮ. ಪದವಿಯ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಹೊಂದಾಣಿಕೆ ಇಲ್ಲದಿದ್ದರೆ 'ಇಬ್ಬರೂ ಒಬ್ಬನೇ' ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸುತ್ತಾರೆ. ಆ ಅಫಿಡವಿಟ್ಟನ್ನು ಅಲ್ಲಿ ಒಪ್ಪಬೇಕಾದರೆ ಅದಕ್ಕೂ ಮೇಲಿನ ಮುದ್ರೆಗಳ ಸರಪಳಿಯೇ ಬೇಕು. ಖರ್ಚು ಎರಡು ಪಟ್ಟು. ಅಲ್ಲಿಗೆ ಹೋದ ಮೇಲೆ ಅರಬ್ಬಿ ಲಿಪಿಯ ಪಾಡು ಇನ್ನೊಂದು. ಅರಬ್ಬಿಯಲ್ಲಿ 'ಪ' ಇಲ್ಲ, ಪಾಟೀಲ 'ಬಾಟೀಲ' ಆಗುತ್ತಾನೆ. 'ಗ'ಕ್ಕೆ ನೇರ ಅಕ್ಷರವಿಲ್ಲ, ಗೌಡನನ್ನು ಒಬ್ಬ ಅನುವಾದಕ ಒಂದು ಅಕ್ಷರದಿಂದ, ಇನ್ನೊಬ್ಬ ಬೇರೆ ಅಕ್ಷರದಿಂದ ಬರೆಯುತ್ತಾನೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಮದುವೆ ಪ್ರಮಾಣಪತ್ರ ಅನುವಾದ ಮಾಡಿಸುವಾಗ ನಿಮ್ಮ ಎಮಿರೇಟ್ಸ್ ಐಡಿ (ಅಲ್ಲಿಯ ಗುರುತಿನ ಕಾರ್ಡು) ಕೈಗೆ ಕೊಟ್ಟು, "ಇದರಲ್ಲಿ ಹೆಂಗೈತೋ ಹಂಗ ಬರೀರಿ" ಅನ್ನಬೇಕು. ಸಹಿ ಆಗುವ ಮುಂಚೆ ಕಾರ್ಡನ್ನು ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ಅರಬ್ಬಿ ಬಾರದಿದ್ದರೂ ಆಕಾರ, ಚುಕ್ಕೆ ಹೋಲಿಸಲು ಬರುತ್ತದೆ.

ಜರ್ಮನಿಯವರು ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದನ್ನೇ ಹಿಡಿಯುತ್ತಾರೆ. ಅಡ್ಡಹೆಸರಿನ ಜಾಗದಲ್ಲಿ ಶಿವನಗೌಡ ಅಂತಿದ್ದರೆ ನೀವು ಅಲ್ಲಿ ಶಿವನಗೌಡರೇ. ಅಂಚೆಪೆಟ್ಟಿಗೆ ಮೇಲೆ ಪಾಟೀಲ ಅಂತ ಅಂಟಿಸಿದರೆ ಅಂಚೆಯವರು ಕಾಗದ ಹಾಕದೆ ವಾಪಸ್ ಕಳಿಸುತ್ತಾರೆ. ತೆರಿಗೆ ಸಂಖ್ಯೆ, ಬ್ಯಾಂಕಿನ ಪಿನ್, ವಿಮೆಯ ಕಾರ್ಡು ಎಲ್ಲ ಆ ಡಬ್ಬಿಗೇ ಬರುವುದು. ಮನೆ ಹೊಕ್ಕ ದಿನವೇ ಪಾಸ್‌ಪೋರ್ಟಿನ ಅಡ್ಡಹೆಸರನ್ನು ಡಬ್ಬಿ ಮೇಲೆ, ಬಾಗಿಲ ಗಂಟೆ ಮೇಲೆ ಎರಡೂ ಕಡೆ ಅಂಟಿಸಿ. ಬೇರೆಯವರ ಮನೆಯಲ್ಲಿ ಕೋಣೆ ಹಿಡಿದಿದ್ದರೆ ಅವರ ಹೆಸರಿನ ಕೆಳಗೆ ನಿಮ್ಮದು.

ಇಷ್ಟಾದರೆ ಜರ್ಮನಿಯಲ್ಲಿ ಹೆಸರು ಕಾಡುವುದಿಲ್ಲ, ಮಗು ಹುಟ್ಟುವ ತನಕ. ಮಗುವಿನ ಜನನ ನೋಂದಣಿ ಮಾಡುವ ಕಚೇರಿಗೆ ಸ್ಟಾಂಡೆಸ್‌ಆಮ್ಟ್ ಅನ್ನುತ್ತಾರೆ. ಅವರು ತಂದೆ ತಾಯಿ ಇಬ್ಬರ ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ ಕೇಳುತ್ತಾರೆ, ಪ್ರಮಾಣವಚನ ಮಾಡಿದ ಅನುವಾದಕರಿಂದ ಜರ್ಮನ್‌ಗೆ ತಂದು. ನಮ್ಮಲ್ಲಿ ಹಳೆಯ ಜನನ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯೇ ಇರುವುದು ಬಹಳ. ಹುಟ್ಟಿದ ಕೂಡಲೇ ಆಸ್ಪತ್ರೆಯವರು ವರದಿ ಕಳಿಸಿದರು, ಹೆಸರಿಟ್ಟದ್ದು ತೊಟ್ಟಿಲಿಗೆ ಹಾಕುವಾಗ, ಅದನ್ನು ಸೇರಿಸಲು ಯಾರೂ ಹೋಗಲಿಲ್ಲ. ಅನುಮಾನ ಬಂದರೆ ಅವರು ಕಾಗದವನ್ನು ಜರ್ಮನ್ ರಾಯಭಾರ ಕಚೇರಿಯ ಮೂಲಕ ಪರಿಶೀಲನೆಗೆ ಕಳಿಸುತ್ತಾರೆ. ರಾಯಭಾರ ಕಚೇರಿಯವರು ಗೊತ್ತುಪಡಿಸಿದ ಮನುಷ್ಯ ಗದಗ-ಬೆಟಗೇರಿ ನಗರಸಭೆಗೋ ಹುಬ್ಬಳ್ಳಿ-ಧಾರವಾಡ ಪಾಲಿಕೆಗೋ ಬಂದು ಮೂಲ ರಿಜಿಸ್ಟರ್ ತೆಗೆಸಿ ನೋಡುತ್ತಾನೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಖರ್ಚು ನಿಮ್ಮದೇ. ಅಲ್ಲಿಯ ತನಕ ಮಗುವಿಗೆ ಪೂರ್ಣ ಪ್ರಮಾಣಪತ್ರದ ಬದಲು ರಿಜಿಸ್ಟರಿನ ದೃಢೀಕೃತ ನಕಲು ಕೊಟ್ಟು, ತಂದೆ ತಾಯಿಯ ಗುರುತು ಸಾಬೀತಾಗಿಲ್ಲ ಅಂತ ಟಿಪ್ಪಣಿ ಹಾಕುತ್ತಾರೆ. ಎಳೆಗೂಸಿನ ಕಾಗದದ ಮೇಲೆ ಆ ಸಾಲು ಓದುವುದು ಬಹಳ ನೋವಿನ ಸಂಗತಿ. ಆದರೆ ಆ ನಕಲಿಗೂ ಪೂರ್ಣ ಪ್ರಮಾಣಪತ್ರದಷ್ಟೇ ಬೆಲೆ ಇದೆ ಎಂಬುದು ಗೊತ್ತಿರಲಿ. ಅದನ್ನು ಹಿಡಿದು ಮುಂದಿನ ಅರ್ಜಿಗಳನ್ನು ಧಾರಾಳವಾಗಿ ಹಾಕಿ.

ಇನ್ನು ಅಲ್ಲಿಗೆ ಮುಟ್ಟಿದ ಮೇಲಿನ ದಿನಗಳು. ಯುಎಇದಲ್ಲಿ ಪ್ರವೇಶ ಪರವಾನಗಿ, ರಕ್ತ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ, ಬೆರಳಚ್ಚು, ಕಾರ್ಡು. ಅರ್ಜಿ ಬರೆಯಲು ಟೈಪಿಂಗ್ ಸೆಂಟರ್‌ಗಳಿವೆ, ನೀವು ಹೋಗಿ ಕೂತರೆ ಸಾಕು. ವೀಸಾ ಖರ್ಚನ್ನು ನೌಕರನ ಕಿಸೆಯಿಂದ ವಸೂಲಿ ಮಾಡುವಂತಿಲ್ಲ ಅಂತ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನೇ ಹೇಳುತ್ತದೆ. ಸಂಬಳದಲ್ಲಿ ಮುರಿದುಕೊಳ್ಳುವ ಮಾತು ಬಂದರೆ ಸಹಿ ಮಾಡಬೇಡಿ. ದುಬೈಯಲ್ಲಿ ಬಾಡಿಗೆ ಕರಾರನ್ನು ಇಜಾರಿ ಎಂಬ ಸರಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಲೇಬೇಕು. ಇದರ ಬಗ್ಗೆ ಇನ್ನೇನೂ ಹೇಳುವುದಿಲ್ಲ, ಅಷ್ಟು ಸಲೀಸು.

ಜರ್ಮನಿಯಲ್ಲಿ ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಅನ್ಮೆಲ್ಡುಂಗ್ ಅನ್ನುತ್ತಾರೆ. ಪಾಸ್‌ಪೋರ್ಟಿನ ಜೊತೆ ಮನೆ ಕೊಟ್ಟವರು ಸಹಿ ಮಾಡಿದ ಒಂದು ಪುಟದ ದೃಢೀಕರಣ ಬೇಕು, ಬಾಡಿಗೆ ಕರಾರು ಸಾಲದು. ಅದನ್ನು ಕೊಡುವುದು ಮನೆ ಕೊಟ್ಟವರ ಕಾನೂನುಬದ್ಧ ಕರ್ತವ್ಯ. ಕೊಡದಿದ್ದರೆ ಆ ಮಾತನ್ನೇ ನೋಂದಣಿ ಕಚೇರಿಗೆ ತಿಳಿಸಬೇಕು. ಬೀಗದ ಕೈ ತೆಗೆದುಕೊಳ್ಳುವಾಗಲೇ ಸಹಿ ಹಾಕಿಸಿಕೊಳ್ಳುವುದು ಛೋಲೊ. ಅರ್ಜಿಯಲ್ಲಿ ಧರ್ಮದ ಕಾಲಂ ಇದೆ. ಅದರ ಮೇಲೆ ಕ್ರೈಸ್ತರಿಗೆ ಚರ್ಚ್ ತೆರಿಗೆ ಲೆಕ್ಕ ಹಾಕುತ್ತಾರೆ, ಸುಮ್ಮನೆ ಏನೋ ತುಂಬಬೇಡಿ. ನೋಂದಣಿಯಾದ ಕೆಲವು ವಾರಕ್ಕೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ತಡವಾಗಿ ಸಂಬಳದಲ್ಲಿ ಆರನೇ ವರ್ಗದ, ಅಂದರೆ ಅತಿ ಹೆಚ್ಚಿನ, ತೆರಿಗೆ ಕಡಿತವಾದರೆ ಗಾಬರಿ ಬೇಡ, ಸಂಖ್ಯೆ ಕೊಟ್ಟ ಮೇಲೆ ಸರಿಮಾಡುತ್ತಾರೆ. ರೇಡಿಯೋ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ, ಮನೆಗೆ ಒಂದೇ. ಜೊತೆಗಿರುವವರು ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ಸಂಖ್ಯೆ ಬರೆದು ಕಳಿಸಿ.

ವಾಸದ ಪರವಾನಗಿ ಕಾರ್ಡು ಕೊಡುವ ಕಚೇರಿ ನಿಜಕ್ಕೂ ನಿಧಾನ. ವೀಸಾ ಮುಗಿಯುವ ಮುಂಚೆ ಅರ್ಜಿ ಬಿದ್ದಿರಬೇಕು, ಬಿದ್ದಿದ್ದಕ್ಕೆ ಪುರಾವೆ ಇರಬೇಕು. ಕಾರ್ಡು ತಡವಾದರೆ ನಡುವೆ ಒಂದು ತಾತ್ಕಾಲಿಕ ಕಾಗದ ಕೊಡುತ್ತಾರೆ. ಊರಿಗೆ ಟಿಕೆಟ್ ಮಾಡಿಸುವ ಮುಂಚೆ ಅದರಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ನೋಡಿ. ವಾಸ ಕಾನೂನಿನ 81ನೇ ಕಲಮಿನ 4ನೇ ಉಪಕಲಮು ಇದ್ದರೆ ಹೋಗಿ ಬರಬಹುದು. 3ನೇದು ಇದ್ದರೆ ಅದರ ಮೇಲೆ ವಾಪಸ್ ಒಳಗೆ ಬಿಡುವುದಿಲ್ಲ.

ನನ್ನ ಮನಸ್ಸು ಗೆದ್ದದ್ದು ಹಳದಿ ಲಕೋಟೆ. ಮುಖ್ಯವಾದ ಆದೇಶಗಳನ್ನು ಅದರಲ್ಲಿ ಕಳಿಸುತ್ತಾರೆ, ಡಬ್ಬಿಗೆ ಹಾಕಿದ ತಾರೀಖನ್ನು ಅಂಚೆಯವನು ಲಕೋಟೆ ಮೇಲೆ ಪೆನ್ನಿನಿಂದ ಬರೆಯುತ್ತಾನೆ. ಗಡುವು ಎಣಿಸುವುದು ಆ ತಾರೀಖಿನಿಂದ. ಅದಕ್ಕೇ ಲಕೋಟೆ ಎಸೆಯದೆ ಕಾಗದಕ್ಕೆ ಪಿನ್ ಹೊಡೆದು ಇಡಬೇಕು. ಒಳಗೆ, ಅರ್ಜಿ ತಿರಸ್ಕರಿಸಿದ್ದರೆ, ಯಾವ ಕಲಮಿನ ಪ್ರಕಾರ, ಯಾವ ಕಾರಣಕ್ಕೆ ಅಂತ ಬರೆದಿರುತ್ತದೆ. ಯಾರಿಗೆ ಆಕ್ಷೇಪಣೆ ಸಲ್ಲಿಸಬೇಕು, ಎಷ್ಟು ದಿನದೊಳಗೆ ಅಂತಲೂ ಕೊನೆಯಲ್ಲಿ ಇರುತ್ತದೆ, ಸಾಮಾನ್ಯವಾಗಿ ಒಂದು ತಿಂಗಳು. ಆ ಸೂಚನೆ ಹಾಕುವುದನ್ನು ಅವರು ಮರೆತಿದ್ದರೆ ಗಡುವು ಒಂದು ವರ್ಷವಾಗುತ್ತದೆ. "ನಾಳೆ ಬರ್ರಿ, ಸಾಹೇಬ್ರಿಲ್ಲ" ಅನ್ನುವುದನ್ನೇ ಕೇಳಿ ಬೆಳೆದವರಿಗೆ 'ಇಲ್ಲ' ಅನ್ನುವುದನ್ನೂ ಕಾರಣ ಸಮೇತ ಬರೆದು ಕೊಡುವುದು ಎಷ್ಟು ದೊಡ್ಡ ಗೌರವ ಅಂತ ಹೇಳಬೇಕಿಲ್ಲ.

ನೌಕರಿ ಹೋದಾಗ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಯುಎಇದಲ್ಲಿ ಕಂಪನಿ ವೀಸಾ ರದ್ದು ಮಾಡುತ್ತದೆ, ರದ್ದತಿ ಕಾಗದದಲ್ಲಿ ಎಷ್ಟು ದಿನ ಇರಬಹುದು ಅಂತ ಇರುತ್ತದೆ. ಅದು ಮುಗಿದರೆ ದಿನಕ್ಕೆ 50 ದಿರ್ಹಂ ದಂಡ. ಜರ್ಮನಿಯಲ್ಲಿ ನೀವು ಎರಡು ವಾರದೊಳಗೆ ಕಚೇರಿಗೆ ಬರೆದು ತಿಳಿಸಬೇಕು, ಕಾರ್ಡು ಆ ಕ್ಷಣಕ್ಕೆ ಸಾಯುವುದಿಲ್ಲ. ಊರಲ್ಲಿ ತಂದೆ ತಾಯಿಗೆ ಆರಾಮಿಲ್ಲ ಅಂತ ಬಂದು ಉಳಿಯುವವರು ಇನ್ನೊಂದು ಲೆಕ್ಕ ನೆನಪಿಡಬೇಕು. ಸಾಮಾನ್ಯ ವಾಸದ ಪರವಾನಗಿ ಎರಡೂ ಕಡೆ ಆರು ತಿಂಗಳು ಹೊರಗಿದ್ದರೆ ಹೋಗುತ್ತದೆ, ಪದವೀಧರ ನೌಕರರಿಗೆ ಕೊಡುವ ಜರ್ಮನಿಯ ಬ್ಲೂ ಕಾರ್ಡಿಗೆ 12 ತಿಂಗಳ ಅವಕಾಶವಿದೆ.

ಎರಡು ಮೂರು ವರ್ಷ ದುಡಿದು ಗದಗಿನಲ್ಲಿ ಮನೆ ಕಟ್ಟಬೇಕು ಅನ್ನುವವರಿಗೆ ನಾನು ದುಬೈ ಬೇಡ ಅನ್ನುವುದಿಲ್ಲ. ಕಂಪನಿ ಒಳ್ಳೆಯದಿದ್ದರೆ ಕಾಗದದ ಭಾರ ಅವರೇ ಹೊರುತ್ತಾರೆ. ಫೈಲು ಇಟ್ಟುಕೊಳ್ಳುವ, ಬಂದ ಪತ್ರವನ್ನು ಅದೇ ದಿನ ಓದುವ ರೂಢಿ ಇರುವವರಿಗೆ, ಸಂಸಾರ ಸಮೇತ ಉಳಿಯುವವರಿಗೆ ಜರ್ಮನಿಯೇ ಸರಿ. ಮುದ್ರೆಗಳ ಖರ್ಚು ಇಲ್ಲ, ಅನುವಾದಕರಿಗೆ, ಬೇಕಾದರೆ ಮೇಲೆ ಹೇಳಿದ ಶುಲ್ಕಗಳಿಗೆ ರೊಕ್ಕ ಎತ್ತಿಡಿ.

ಎಲ್ಲಿಗೇ ಹೋಗಲಿ, ಹೊರಡುವ ಮುಂಚೆ ಈ ಕೆಲಸ ಊರಲ್ಲೇ ಮುಗಿಸಿ. ಎಸೆಸೆಲ್ಸಿ, ಪದವಿ, ಜನನ, ಮದುವೆ ಕಾಗದಗಳನ್ನು ಸಾಲಾಗಿ ಹರವಿ ಹೆಸರು ಹೋಲಿಸಿ. ಪಾಸ್‌ಪೋರ್ಟ್ ತಿದ್ದಿಸಬೇಕಿದ್ದರೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಗುತ್ತದೆ, 36 ಪುಟದ್ದಕ್ಕೆ 1,500 ರೂಪಾಯಿ. ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸಲು ನಿಯಮದಲ್ಲಿ 15 ವರ್ಷದ ಮಿತಿ ಇದೆ. ಅದು ದಾಟಿದ್ದರೂ ಅರ್ಜಿ ಕೊಟ್ಟು ಲಿಖಿತ ಹಿಂಬರಹ ಪಡೆಯಿರಿ, ಬಾಯಿಮಾತಿನ ಉತ್ತರ ತಂದರೆ ಎಲ್ಲೂ ನಡೆಯುವುದಿಲ್ಲ. ಜನನವೇ ನೋಂದಣಿ ಆಗಿಲ್ಲದಿದ್ದರೆ, 2023ರ ಅಕ್ಟೋಬರ್ 1ರ ತಿದ್ದುಪಡಿಯ ಪ್ರಕಾರ ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿ. ಹಾವೇರಿ ಜಿಲ್ಲೆಯವರು ತಮ್ಮ ತಾಲೂಕು ಹಾವೇರಿ ಉಪವಿಭಾಗಕ್ಕೆ ಬರುತ್ತದೋ ಸವಣೂರಿಗೆ ಬರುತ್ತದೋ ಕೇಳಿಕೊಂಡು ಹೋಗಿ.